ಕಾರಿನ ಕೂಲಂಟ್ ಸೋರಿಕೆ: ಮೂಲ ಹುಡುಕುವ ಮತ್ತು ಸರಿಪಡಿಸುವ ಕ್ರಮ

ರಿಸರ್ವ್ ಟ್ಯಾಂಕಿನಲ್ಲಿ ಕೂಲಂಟ್ ಇಳಿದಿರುವುದು ಕಂಡಾಗ ಅದಕ್ಕೆ ಒಂದಿಷ್ಟು ನೀರು ಸುರಿದು, ಮುಚ್ಚಳ ತಿರುಗಿಸಿ ಹೊರಟುಬಿಡುವುದು ಬಹಳ ಮಂದಿಯ ರೂಢಿ. ವಾರ ಕಳೆಯುವಷ್ಟರಲ್ಲಿ ಮಟ್ಟ ಮತ್ತೆ ಇಳಿದಿರುತ್ತದೆ, ಮತ್ತೆ ನೀರು ಬೀಳುತ್ತದೆ. ಆದರೆ ಕೂಲಂಟ್ ಪೆಟ್ರೋಲಿನ ಹಾಗೆ ಓಡಿದಷ್ಟೂ ಖರ್ಚಾಗುವ ವಸ್ತುವಲ್ಲ. ಅದು ಎಂಜಿನ್ನನ್ನು ತಂಪಾಗಿಡಲು ಮುಚ್ಚಿದ ವ್ಯವಸ್ಥೆಯೊಳಗೆ ಸುತ್ತುತ್ತಲೇ ಇರುವ ದ್ರವ; ಕೆಲವು ತಿಂಗಳಿಗೊಮ್ಮೆ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತಿದ್ದರೆ ಅದು ಎಲ್ಲೋ ಹೊರಗೆ ಹೋಗುತ್ತಿದೆ ಎಂದೇ ತಿಳಿಯಬೇಕು. ಈ ಕೆಲಸದಲ್ಲಿ ಕಷ್ಟವಾದದ್ದು ಪಾರ್ಟು ಬದಲಿಸುವುದಲ್ಲ, ಯಾವ ಪಾರ್ಟು ಬದಲಿಸಬೇಕೆಂದು ಖಚಿತಪಡಿಸಿಕೊಳ್ಳುವುದು. ಆದ್ದರಿಂದ ಈ ಬರಹದ ದೊಡ್ಡ ಭಾಗ ಹುಡುಕಾಟಕ್ಕೇ ಮೀಸಲಾಗಿದೆ.

ಹುಡುಕುವ ಮೊದಲು ಒಂದು ವಿಷಯ ಅರ್ಥವಾಗಿರಬೇಕು. ಎಂಜಿನ್ ಬಿಸಿಯಾದಂತೆ ಕೂಲಂಟ್ ಹಿಗ್ಗುತ್ತದೆ, ಮತ್ತು ರೇಡಿಯೇಟರ್ ಅಥವಾ ಟ್ಯಾಂಕಿನ ಮುಚ್ಚಳದಲ್ಲಿರುವ ಸ್ಪ್ರಿಂಗ್ ವಾಲ್ವ್ ಅದನ್ನು ಹೊರಬಿಡದೆ ಹಿಡಿದಿಡುವುದರಿಂದ ವ್ಯವಸ್ಥೆಯೊಳಗೆ ಹೊರಗಿನ ಗಾಳಿಗಿಂತ ಸುಮಾರು 1 ಬಾರ್‌ನಷ್ಟು ಹೆಚ್ಚಿನ ಒತ್ತಡ ಏರ್ಪಡುತ್ತದೆ. ಈ ಒತ್ತಡ ಬೇಕೆಂದೇ ಇರಿಸಿದ್ದು. ತೆರೆದ ಪಾತ್ರೆಯಲ್ಲಿ 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವ ನೀರು 1 ಬಾರ್ ಹೆಚ್ಚುವರಿ ಒತ್ತಡದಲ್ಲಿ ಸುಮಾರು 120 ಡಿಗ್ರಿಯವರೆಗೂ ಕುದಿಯುವುದಿಲ್ಲ. ಅರ್ಧ ನೀರು, ಅರ್ಧ ಗ್ಲೈಕಾಲ್ (ಕೂಲಂಟಿನ ಮುಖ್ಯ ರಾಸಾಯನಿಕ) ಇರುವ ಮಿಶ್ರಣವಾದರೆ ಇನ್ನೂ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಸೂಜಿಮೊನೆಯಷ್ಟು ಚಿಕ್ಕ ತೂತು ಬಿದ್ದರೂ ಸೋರಿದ ದ್ರವದ ಜೊತೆಗೆ ಈ ಒತ್ತಡವೂ ಹೋಗುತ್ತದೆ. ಹಾಗಾಗಿ ಟ್ಯಾಂಕಿನಲ್ಲಿ ಸಾಕಷ್ಟು ಕೂಲಂಟ್ ಇರುವಾಗಲೇ ಎಂಜಿನ್ ಕುದಿಯಲು ಶುರುವಾಗುವುದುಂಟು.

ಇದೇ ಒತ್ತಡ ಕೈ ಸುಡುವುದಕ್ಕೂ ಕಾರಣ. ಬಿಸಿ ಎಂಜಿನ್ನಿನ ಮುಚ್ಚಳ ತೆರೆದರೆ ಒತ್ತಡ ಒಮ್ಮೆಗೇ ಇಳಿದು, ಅಲ್ಲಿಯವರೆಗೆ ಕುದಿಯದೆ ಇದ್ದ ದ್ರವ ಆ ಕ್ಷಣದಲ್ಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ರೇಡಿಯೇಟರಿನ ಮೇಲಿನ ಹೋಸ್ (ರಬ್ಬರ್ ಕೊಳವೆ) ಕೈಗೆ ತಣ್ಣಗೆ ತಾಗುವವರೆಗೆ ಮತ್ತು ಹಿಸುಕಿದರೆ ಮೆತ್ತಗೆ ಒಳಗೆ ಹೋಗುವವರೆಗೆ ಮುಚ್ಚಳ ಮುಟ್ಟಬಾರದು. ಆ ಮೇಲೂ ದಪ್ಪ ಬಟ್ಟೆ ಹಾಕಿಕೊಂಡು ಸ್ವಲ್ಪವೇ ತಿರುಗಿಸಿ, ಬುಸ್ ಎಂಬ ಸದ್ದು ನಿಂತ ನಂತರವೇ ಪೂರ್ತಿ ತೆಗೆಯಬೇಕು. ರೇಡಿಯೇಟರಿನ ವಿದ್ಯುತ್ ಫ್ಯಾನ್ ಅನೇಕ ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ತಾನಾಗಿಯೇ ತಿರುಗಬಲ್ಲದು. ಅದರ ಹತ್ತಿರ ಕೈ ಹಾಕುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚುವುದು ಒಳ್ಳೆಯದು. ಕಾರಿನ ಕೆಳಗೆ ಹೋಗುವುದಾದರೆ ಜ್ಯಾಕ್ ಒಂದನ್ನೇ ನಂಬದೆ, ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಕೊಟ್ಟು, ಚಕ್ರಗಳಿಗೆ ಅಡ್ಡ ಇಟ್ಟಿರಬೇಕು. ಅನೇಕ ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಲ್ಲಿ ಬ್ಯಾಟರಿಯನ್ನು ತಣ್ಣಗಿಡುವ ಪ್ರತ್ಯೇಕ ಕೂಲಂಟ್ ಮಾರ್ಗ ಇರುತ್ತದೆ. ಅದನ್ನು ಮನೆಯಲ್ಲಿ ಬಿಚ್ಚುವ ಯೋಚನೆಯನ್ನೇ ಮಾಡಬಾರದು.

ಸೋರುತ್ತಿರುವುದು ಕೂಲಂಟೇ ಹೌದೇ?

ಕಾರಿನ ಕೆಳಗೆ ತೇವ ಕಂಡ ಕೂಡಲೇ ಗಾಬರಿಯಾಗಬೇಕಿಲ್ಲ. ಎಸಿ ಓಡುತ್ತಿದ್ದ ಕಾರಿನ ಕೆಳಗೆ, ಮುಂದಿನ ಸೀಟುಗಳ ಕಾಲಿಡುವ ಜಾಗದ ನೇರದಲ್ಲಿ ಬೀಳುವ ತಿಳಿನೀರು ಗಾಳಿಯ ತೇವಾಂಶ ಹನಿಗಟ್ಟಿದ್ದಷ್ಟೇ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಬೆರಳುಗಳ ನಡುವೆ ಉಜ್ಜಿದರೆ ಅಂಟುವುದೂ ಇಲ್ಲ. ಕೂಲಂಟ್ ಹಸಿರು, ಕೆಂಪು, ಗುಲಾಬಿ, ಕಿತ್ತಳೆ, ನೀಲಿ ಹೀಗೆ ಯಾವ ಬಣ್ಣದಲ್ಲಾದರೂ ಇರಬಹುದು, ಆದರೆ ಮುಟ್ಟಿದರೆ ಸ್ವಲ್ಪ ಜಾರಿಕೆ ಇರುತ್ತದೆ, ಸಿಹಿ ಬೆರೆತ ಒಂದು ವಾಸನೆಯಿರುತ್ತದೆ, ಒಣಗಿದ ಮೇಲೆ ಅಂಟು ಕಲೆ ಉಳಿಯುತ್ತದೆ. ರಾತ್ರಿಯಿಡೀ ಎಂಜಿನ್ ಕೆಳಗೆ ಒಂದು ದೊಡ್ಡ ಬಿಳಿ ರಟ್ಟನ್ನು ಹಾಸಿಟ್ಟರೆ ಬಣ್ಣವೂ ತಿಳಿಯುತ್ತದೆ, ಹನಿ ಬೀಳುವ ಜಾಗವೂ ತಿಳಿಯುತ್ತದೆ. ರುಚಿ ನೋಡಿ ಪರೀಕ್ಷಿಸುವ ದುಸ್ಸಾಹಸ ಬೇಡ. ಹೆಚ್ಚಿನ ಕೂಲಂಟ್‌ಗಳಲ್ಲಿರುವ ಎಥಿಲೀನ್ ಗ್ಲೈಕಾಲ್ ಮೂತ್ರಪಿಂಡವನ್ನು ಹಾಳುಮಾಡುವ ವಿಷ. ಅದರ ಸಿಹಿಗೆ ಆಕರ್ಷಿತವಾಗಿ ನಾಯಿ, ಬೆಕ್ಕುಗಳು ನೆಕ್ಕಿ ಸಾಯುವುದೂ ಇದೆ. ಆದ್ದರಿಂದ ಚೆಲ್ಲಿದ್ದನ್ನು ಆಗಲೇ ಒರೆಸಿ ತೊಳೆಯಬೇಕು.

ನೆಲದ ಮೇಲೆ ಒಂದು ಹನಿಯೂ ಇಲ್ಲ, ಆದರೂ ಮಟ್ಟ ಇಳಿಯುತ್ತಿದೆ ಎಂಬ ಸ್ಥಿತಿಯೂ ಸಾಮಾನ್ಯ. ಬಿಸಿ ಲೋಹದ ಮೇಲೆ ಜಿನುಗಿದ್ದು ನೆಲ ಮುಟ್ಟುವ ಮೊದಲೇ ಆವಿಯಾಗಿರಬಹುದು, ಅಥವಾ ಎಂಜಿನ್ನಿನ ಒಳಗೇ ಸೋರಿ ಹೊಗೆಯ ಜೊತೆ ಹೊರಗೆ ಹೋಗುತ್ತಿರಬಹುದು. ಇಂಥಲ್ಲಿ ಮೊದಲು ಮಾಡಬೇಕಾದದ್ದು ಅಳತೆ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ, ಟ್ಯಾಂಕಿನ ಮೇಲೆ ಆ ದಿನದ ಮಟ್ಟಕ್ಕೆ ಗುರುತು ಹಾಕಿ, ಎಷ್ಟು ಕಿಲೋಮೀಟರ್ ಓಡಿದ ಮೇಲೆ ಎಷ್ಟು ಇಳಿಯಿತೆಂದು ಬರೆದಿಡಬೇಕು. ಬಿಸಿಯಾದಾಗ ಮಟ್ಟ ಏರುವುದು ಸಹಜವಾದ್ದರಿಂದ ಒಂದು ದಿನ ಬಿಸಿಯಲ್ಲಿ, ಮತ್ತೊಂದು ದಿನ ತಣ್ಣಗಿರುವಾಗ ನೋಡಿ ಹೋಲಿಸಿದರೆ ಇಲ್ಲದ ಸೋರಿಕೆಯೂ ಇದ್ದಂತೆ ಕಾಣುತ್ತದೆ.

ಹನಿಯಿಂದ ಮೇಲಕ್ಕೆ

ಹನಿ ಬಿದ್ದ ಜಾಗವೇ ಸೋರುವ ಜಾಗವಾಗಿರಬೇಕಿಲ್ಲ. ದ್ರವ ಎಂಜಿನ್ನಿನ ಮೈಮೇಲೆ ಹರಿದು, ತಂತಿ ಪೈಪುಗಳ ಗುಂಟ ಜಾರಿ, ಎಲ್ಲೋ ಒಂದು ಮೂಲೆಯಿಂದ ತೊಟ್ಟಿಕ್ಕುತ್ತದೆ. ಓಡುವ ಕಾರಿನಲ್ಲಾದರೆ ಗಾಳಿ ಅದನ್ನು ಹಿಂದಕ್ಕೆ ತಳ್ಳಿರುತ್ತದೆ. ನಾನೇ ಒಮ್ಮೆ, ಕೂಲಂಟನ್ನು ಸುತ್ತಿಸುವ ವಾಟರ್ ಪಂಪಿನ ಕೆಳಗೆ ಒದ್ದೆ ಕಂಡು ಪಂಪನ್ನೇ ಬದಲಿಸಿದ್ದೆ. ಮರುದಿನವೂ ಅದೇ ಜಾಗದಲ್ಲಿ ಒದ್ದೆ ಇತ್ತು. ನಿಜವಾದ ಅಪರಾಧಿ ಪಂಪಿಗಿಂತ ಒಂದು ಗೇಣು ಮೇಲಿದ್ದ ಸಣ್ಣ ಹೀಟರ್ ಹೋಸಿನ ಕ್ಲಿಪ್. ಅಂದಿನಿಂದ ಒಂದು ನಿಯಮವನ್ನು ಬಿಟ್ಟಿಲ್ಲ: ಟಾರ್ಚು ಹಿಡಿದು ಹನಿಯಿಂದ ಮೇಲಕ್ಕೆ ಹೋಗುತ್ತಾ ತೇವವಿರುವ ಅತಿ ಎತ್ತರದ ಜಾಗವನ್ನು ಹುಡುಕಬೇಕು, ಅದರ ಮೇಲೆ ಎಲ್ಲವೂ ಒಣಗಿದೆ ಎಂದು ಖಾತ್ರಿಯಾದ ಮೇಲೆಯೇ ಸ್ಪ್ಯಾನರ್ ಎತ್ತಬೇಕು. ಎಂಜಿನ್ ಮೇಲೆ ಎಣ್ಣೆ, ಧೂಳು ಮೆತ್ತಿಕೊಂಡಿದ್ದರೆ ಮೊದಲು ಒರೆಸಿ ಒಣಗಿಸಿಕೊಳ್ಳುವುದು ಸಮಯ ವ್ಯರ್ಥವಲ್ಲ.

ಒದ್ದೆಯಷ್ಟೇ ಅಲ್ಲ, ಒಣಗಿದ ಗುರುತುಗಳೂ ಮಾತಾಡುತ್ತವೆ. ನೀರು ಆವಿಯಾದ ಮೇಲೆ ಕೂಲಂಟಿನ ರಾಸಾಯನಿಕಗಳು ಬಿಳಿ, ಹಸಿರು ಅಥವಾ ಗುಲಾಬಿ ಹರಳಿನಂತೆ ಕಟ್ಟಿಕೊಂಡಿರುತ್ತವೆ. ಹೋಸ್‌ಗಳ ತುದಿಗಳು, ಕ್ಲಿಪ್ಪುಗಳ ಸುತ್ತ, ರೇಡಿಯೇಟರಿನ ಅಲ್ಯೂಮಿನಿಯಂ ಜಾಲರಿಗೂ ಪ್ಲಾಸ್ಟಿಕ್ ಟ್ಯಾಂಕಿಗೂ ನಡುವಿನ ಬೆಸುಗೆಯಂಥ ಸಾಲು, ರಿಸರ್ವ್ ಟ್ಯಾಂಕಿನ ತಳ ಮತ್ತು ಅಚ್ಚಿನ ಗೆರೆ, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ಕೂಲಂಟಿಗೆ ರೇಡಿಯೇಟರಿನ ದಾರಿ ತೆರೆಯುವ ವಾಲ್ವ್) ಕೂರುವ ಮನೆಯ ಅಂಚು, ಇವುಗಳನ್ನು ಕನ್ನಡಿ ಹಿಡಿದಾದರೂ ಪೂರ್ತಿ ಸುತ್ತಿ ನೋಡಬೇಕು. ವಾಟರ್ ಪಂಪಿನ ಹೊಟ್ಟೆಯಡಿಯಲ್ಲಿ ಒಂದು ಚಿಕ್ಕ ರಂಧ್ರವನ್ನು ಕಾರ್ಖಾನೆಯವರೇ ಬಿಟ್ಟಿರುತ್ತಾರೆ. ಒಳಗಿನ ಸೀಲ್ ಸವೆದಾಗ ಬೇರಿಂಗಿಗೆ ನುಗ್ಗದೆ ಹೊರಗೆ ಬರಲಿ ಎಂಬುದು ಅದರ ಉದ್ದೇಶ. ಅಲ್ಲಿಂದ ಹನಿಗಳು ಬರುತ್ತಿದ್ದರೆ, ಅಥವಾ ಪುಲ್ಲಿ ಕೈಯಲ್ಲಿ ಅಲುಗಾಡಿದರೆ, ಪಂಪಿನ ಆಯಸ್ಸು ಮುಗಿದಿದೆ. ಎಂಜಿನ್ ಬ್ಲಾಕಿನ ಪಕ್ಕದಲ್ಲಿ ನಾಣ್ಯದಂಥ ಲೋಹದ ಬಿಲ್ಲೆಗಳಿರುತ್ತವೆ. ವರ್ಷಗಟ್ಟಲೆ ಬರೀ ನೀರು ತುಂಬಿಸಿ ಓಡಿಸಿದ ಕಾರಿನಲ್ಲಿ ಅವು ಒಳಗಿನಿಂದ ತುಕ್ಕು ತಿಂದು ತೂತಾಗುತ್ತವೆ. ಎಂಜಿನ್ ಮೇಲಿನ ಒದ್ದೆಯನ್ನೆಲ್ಲ ಎಣ್ಣೆ ಎಂದು ತಳ್ಳಿಹಾಕುವವರ ಕಣ್ಣಿಗೆ ಇವು ಬೀಳುವುದೇ ಇಲ್ಲ.

ಸೋರುವ ಹೊತ್ತೂ ಒಂದು ಸುಳಿವು. ಚಳಿಯ ಬೆಳಗಿನಲ್ಲಿ ಮಾತ್ರ ಒದ್ದೆ ಕಂಡು, ಎಂಜಿನ್ ಬಿಸಿಯಾದ ಮೇಲೆ ನಿಂತುಹೋಗುತ್ತಿದ್ದರೆ ಸಾಮಾನ್ಯವಾಗಿ ಸಡಿಲವಾದ ಕ್ಲಿಪ್ ಅಥವಾ ಗಟ್ಟಿಯಾಗಿಹೋದ ರಬ್ಬರ್ ಕಾರಣ, ಏಕೆಂದರೆ ತಣ್ಣಗಾದಾಗ ಎರಡೂ ಕುಗ್ಗಿ ನಡುವೆ ಸಂದು ಬಿಡುತ್ತದೆ. ಬಿಸಿಯಲ್ಲಿ ಮಾತ್ರ ಸೋರಿದರೆ ಒತ್ತಡಕ್ಕೆ ಬಾಯಿಬಿಡುವ ಬಿರುಕನ್ನೋ, ಒತ್ತಡ ತಡೆಯಲಾಗದ ಮುಚ್ಚಳವನ್ನೋ ಹುಡುಕಬೇಕು.

ಇಷ್ಟಕ್ಕೂ ಸಿಗದಿದ್ದರೆ ಕೈಪಂಪಿನ ಪ್ರೆಷರ್ ಟೆಸ್ಟರ್ ಬೇಕು. ಈ ಕೆಲಸಕ್ಕೆ ಒಂದೇ ಒಂದು ಉಪಕರಣ ಕೊಳ್ಳುವುದಾದರೆ ಅಥವಾ ಎರವಲು ತರುವುದಾದರೆ ಅದು ಇದೇ ಆಗಿರಲಿ. ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು, ಮಟ್ಟ ಸರಿಮಾಡಿ, ಆ ಜಾಗಕ್ಕೆ ಟೆಸ್ಟರಿನ ಅಡಾಪ್ಟರ್ ಕೂರಿಸಿ, ಮುಚ್ಚಳದ ಮೇಲೆ ಬರೆದಿರುವ ಒತ್ತಡದವರೆಗೆ ಮಾತ್ರ ಪಂಪು ಮಾಡಬೇಕು. ಮುಚ್ಚಳದ ಮೇಲೆ 0.9 ಎಂದೋ 1.1 ಎಂದೋ ಇದ್ದರೆ ಅದು ಬಾರ್‌ಗಳಲ್ಲಿ. 13, 15, 16 ಎಂಬಂಥ ಸಂಖ್ಯೆಯಿದ್ದರೆ ಅದು ಪಿಎಸ್‌ಐ. ಇನ್ನೂ ಸ್ವಲ್ಪ ಹೆಚ್ಚು ಹಾಕಿದರೆ ಬೇಗ ಸಿಗುತ್ತದೆ ಎಂಬ ಆಸೆಗೆ ಬಿದ್ದರೆ, ಹಳೆಯ ರೇಡಿಯೇಟರಿನಲ್ಲಿ ಹೊಸ ಸೋರಿಕೆಯನ್ನು ನಾವೇ ಸೃಷ್ಟಿಸಿದಂತಾಗುತ್ತದೆ. ಸೂಜಿ ಹತ್ತು ಹದಿನೈದು ನಿಮಿಷ ಅಲುಗದೆ ನಿಂತರೆ ತಣ್ಣಗಿರುವಾಗ ಸೋರಿಕೆಯಿಲ್ಲ. ಸೂಜಿ ಇಳಿದರೆ ಎಲ್ಲಿಂದಲೋ ಹೋಗುತ್ತಿದೆ. ಸುಡುವ ಲೋಹ, ತಿರುಗುವ ಬೆಲ್ಟುಗಳ ಭಯವಿಲ್ಲದೆ ಸಾವಕಾಶವಾಗಿ ಹುಡುಕಬಹುದು. ಅಲುಗಾಡಿಸಿದಾಗ ಮಾತ್ರ ಸೋರುವ ಹೋಸ್‌ಗಳೂ ಇರುವುದರಿಂದ ಒತ್ತಡವಿರುವಾಗಲೇ ಪ್ರತಿಯೊಂದನ್ನೂ ಸ್ವಲ್ಪ ಅತ್ತಿತ್ತ ಬಾಗಿಸಿ ನೋಡಬೇಕು. ಟೆಸ್ಟರ್ ಕೂರಿಸಿದಾಗ ಮುಚ್ಚಳ ಹೊರಗಿರುತ್ತದೆ ಎಂಬುದನ್ನು ಮರೆಯಬಾರದು: ಎಲ್ಲವೂ ಒತ್ತಡ ಹಿಡಿದರೂ ಮಟ್ಟ ಇಳಿಯುತ್ತಿದ್ದರೆ ಮುಚ್ಚಳವನ್ನೇ ಬೇರೆ ಅಡಾಪ್ಟರಿನಲ್ಲಿ ಪರೀಕ್ಷಿಸಬೇಕು.

ತೀರಾ ನಿಧಾನವಾಗಿ, ವಾರಗಟ್ಟಲೆ ಜಿನುಗುವ ಸೋರಿಕೆಗೆ ಬಣ್ಣದ ದಾರಿ ಸೂಕ್ತ. ಕೂಲಂಟಿಗೆಂದೇ ತಯಾರಿಸಿದ ಹೊಳೆಯುವ ದ್ರವವನ್ನು ಬೆರೆಸಿ, ಕೆಲವು ದಿನ ಮಾಮೂಲಿನಂತೆ ಓಡಿಸಿ, ಕತ್ತಲಲ್ಲಿ ಅಲ್ಟ್ರಾವಯೊಲೆಟ್ ಟಾರ್ಚು ಹಾಯಿಸಿದರೆ ಸೋರಿದ ಗೆರೆ ಹಳದಿ ಹಸಿರಾಗಿ ಮಿನುಗುತ್ತದೆ.

ಕಣ್ಣಿಗೆ ಕಾಣದ ಸೋರಿಕೆಗಳು

ಡ್ಯಾಶ್‌ಬೋರ್ಡಿನ ಹಿಂದೆ ಹುದುಗಿರುವ ಹೀಟರ್ ಕೋರ್ ಚಿಕ್ಕ ರೇಡಿಯೇಟರೇ. ಅದು ತೂತಾದರೆ ಕಾರಿನ ಒಳಗೆ ಸಿಹಿ ವಾಸನೆ, ಎಷ್ಟು ಒರೆಸಿದರೂ ಮುಂಗಾಜಿನ ಒಳಮೈಗೆ ಮತ್ತೆ ಕಟ್ಟುವ ಎಣ್ಣೆಯಂಥ ಮಂಜು, ಕಾಲಡಿಯ ಕಾರ್ಪೆಟ್ಟಿನಲ್ಲಿ ಅಂಟು ತೇವ, ಇವು ಕಾಣಿಸಿಕೊಳ್ಳುತ್ತವೆ. ಕಾರ್ಪೆಟ್ಟಿನ ತೇವ ಎಸಿ ನೀರಿನದ್ದೂ ಆಗಿರಬಹುದಾದ್ದರಿಂದ ಬಿಳಿ ಕಾಗದ ಒತ್ತಿ ಬಣ್ಣ ನೋಡಿ ನಿರ್ಧರಿಸಬೇಕು.

ಹೆಡ್ ಗ್ಯಾಸ್ಕೆಟ್ ಎಂಬ ಹೆಸರು ಕೇಳಿದರೆ ಕಾರಿನ ಮಾಲೀಕರ ಎದೆ ಧಸಕ್ಕೆನ್ನುತ್ತದೆ. ಅದಕ್ಕೇ ಸಾಕ್ಷ್ಯವಿಲ್ಲದೆ ಆ ತೀರ್ಪು ಕೊಡಬಾರದು. ಎಂಜಿನ್ನಿನ ತಲೆಗೂ ಬ್ಲಾಕಿಗೂ ನಡುವಿರುವ ಈ ಪದರ ಹರಿದರೆ ಕೂಲಂಟ್ ಸಿಲಿಂಡರಿಗೆ ಹೋಗಿ ಉರಿಯಬಹುದು, ಎಂಜಿನ್ ಆಯಿಲ್ಲಿಗೆ ಬೆರೆಯಬಹುದು, ಅಥವಾ ಸಿಲಿಂಡರಿನ ಹೊಗೆ ಕೂಲಂಟಿಗೆ ನುಗ್ಗಬಹುದು. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟವಾಗಿ ಬರುವ, ಸಿಹಿ ವಾಸನೆಯ ಬಿಳಿ ಹೊಗೆ. ಡಿಪ್‌ಸ್ಟಿಕ್ಕಿನಲ್ಲಿ ಹಾಲು ಬೆರೆತಂತೆ ಕಾಣುವ ಆಯಿಲ್. ತಣ್ಣಗಿದ್ದ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷದಲ್ಲೇ ಕಲ್ಲಿನಂತಾಗುವ ಮೇಲಿನ ಹೋಸ್. ಟ್ಯಾಂಕಿನಲ್ಲಿ ಬಿಡದೆ ಏಳುವ ಗುಳ್ಳೆಗಳು, ಇವು ಲಕ್ಷಣಗಳು. ಆದರೆ ಚಳಿಯ ಬೆಳಗಿನ ಮೊದಲ ಕೆಲವು ನಿಮಿಷದ ಬಿಳಿ ಹಬೆ ಬರೀ ನೀರಾವಿ, ಮತ್ತು ಸಮೀಪದ ಓಡಾಟಕ್ಕಷ್ಟೇ ಬಳಸುವ ಕಾರಿನ ಆಯಿಲ್ ಮುಚ್ಚಳದ ಅಡಿಯಲ್ಲಿ ಕಟ್ಟುವ ತೆಳು ಕೆನೆ ಕೂಡ ಬರೀ ತೇವಾಂಶ. ಖಚಿತಪಡಿಸಿಕೊಳ್ಳಲು ನೀಲಿ ದ್ರವದ ಪರೀಕ್ಷೆಯಿದೆ. ಎಂಜಿನ್ ಓಡುತ್ತಿರುವಾಗ ಟ್ಯಾಂಕಿನ ಬಾಯಿಯಲ್ಲಿರುವ ಗಾಳಿಯನ್ನು ಆ ದ್ರವದ ಮೂಲಕ ಎಳೆಯಲಾಗುತ್ತದೆ. ಅದರಲ್ಲಿ ಉರಿದ ಅನಿಲದ ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹಳದಿಗೆ ತಿರುಗುತ್ತದೆ. ಕೂಲಂಟ್ ಟ್ಯಾಂಕಿನಲ್ಲಿ ಕಂದು ಜಿಡ್ಡು ತೇಲುತ್ತಿದ್ದರೆ ಅದಕ್ಕೆ ಆಯಿಲ್ ಕೂಲರ್ ಸಹ ಕಾರಣವಾಗಿರಬಹುದು. ಡೀಸೆಲ್ ಎಂಜಿನ್ನುಗಳಲ್ಲಿ ಹೊಗೆಯನ್ನು ತಣ್ಣಗಾಗಿಸುವ ಇಜಿಆರ್ ಕೂಲರ್ ಒಡೆದರೂ ಹೊರಗೆ ಒಂದು ಹನಿ ಕಾಣಿಸದೆ ಕೂಲಂಟ್ ಖಾಲಿಯಾಗುತ್ತದೆ. ಇವೆರಡನ್ನೂ ಪರೀಕ್ಷಿಸದೆ ಹೆಡ್ ಬಿಚ್ಚಿದವರು ಪಶ್ಚಾತ್ತಾಪಪಟ್ಟಿದ್ದಾರೆ.

ದಾರಿಯ ನಡುವೆ ಕೈಕೊಟ್ಟರೆ

ಓಡುತ್ತಿರುವಾಗ ತಾಪಮಾನದ ಮುಳ್ಳು ಏರತೊಡಗಿದರೆ ಎಸಿ ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು ಫ್ಯಾನು ಜೋರು ಮಾಡಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ ಎಂಜಿನ್ ಆರಿಸಬೇಕು. ಏರಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಸಮಾಧಾನಪಡುವಂತಿಲ್ಲ. ಕೂಲಂಟ್ ಎಷ್ಟು ಇಳಿದಿದೆಯೆಂದರೆ ಸೆನ್ಸರ್ ದ್ರವದಿಂದ ಹೊರಬಂದು ಗಾಳಿಯ ಬಿಸಿಯನ್ನು ಅಳೆಯುತ್ತಿದೆ ಎಂದರ್ಥ. ಕುದಿಯುವ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು, ಆದ್ದರಿಂದ ಪೂರ್ತಿ ತಣಿಯುವವರೆಗೆ ಕಾಯದೆ ಬೇರೆ ದಾರಿಯಿಲ್ಲ. ತಣಿದ ಮೇಲೆ ಸಾದಾ ನೀರು ತುಂಬಿ, ಮುಳ್ಳಿನ ಮೇಲೆ ಕಣ್ಣಿಟ್ಟು ಹತ್ತಿರದ ಗ್ಯಾರೇಜಿಗೆ ಹೋಗಬಹುದು. ಸೋರುವುದು ಹೋಸಿನ ನಡುಭಾಗವಾದರೆ ಒಣಗಿಸಿ, ತನಗೆ ತಾನೇ ಅಂಟುವ ಸಿಲಿಕೋನ್ ಟೇಪನ್ನು ಎಳೆದೆಳೆದು ಸುತ್ತಿದರೆ ಅಷ್ಟು ದೂರಕ್ಕೆ ಸಾಕು.

ಸರಿಪಡಿಸುವುದು

ಬಹುತೇಕ ದುರಸ್ತಿಗಳಿಗೆ ಮೊದಲು ಕೂಲಂಟ್ ಇಳಿಸಬೇಕು. ತಣ್ಣಗಿರುವ ಎಂಜಿನ್ನಿನ ಮುಚ್ಚಳ ತೆಗೆದು, ಅಗಲ ಬಾಯಿಯ ಶುದ್ಧ ಪಾತ್ರೆಯನ್ನು ಕೆಳಗಿಟ್ಟು, ರೇಡಿಯೇಟರಿನ ತಳದ ಡ್ರೇನ್ ತಿರುಪನ್ನು ಬಿಚ್ಚಬೇಕು. ಹಳೆಯ ಪ್ಲಾಸ್ಟಿಕ್ ತಿರುಪು ಅಲುಗದಿದ್ದರೆ ಬಲಪ್ರಯೋಗ ಮಾಡದೆ ಕೆಳಗಿನ ಹೋಸನ್ನೇ ಬಿಚ್ಚುವುದು ಜಾಣತನ. ತಿರುಪು ಮುರಿದರೆ ರೇಡಿಯೇಟರೇ ಹೋಯಿತು. ಹೊರಬಂದದ್ದು ಶುದ್ಧವಾಗಿದ್ದು, ಇತ್ತೀಚೆಗಷ್ಟೇ ಹಾಕಿದ್ದಾದರೆ ಸೋಸಿ ಮತ್ತೆ ಬಳಸಬಹುದು. ತುಕ್ಕು, ಎಣ್ಣೆ, ಕೆಸರು ಕಂಡರೆ ಬೇಡ. ಬೇಡವಾದದ್ದನ್ನು ಚರಂಡಿಗೆ ಅಥವಾ ಮಣ್ಣಿಗೆ ಚೆಲ್ಲದೆ, ಮುಚ್ಚಿದ ಡಬ್ಬಿಯಲ್ಲಿ ಹಳೆಯ ಆಯಿಲ್, ಕೂಲಂಟ್ ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ಹೋಸ್ ಬದಲಿಸುವುದು ಮನೆಯಲ್ಲಿ ಮಾಡಬಹುದಾದ ದುರಸ್ತಿಗಳಲ್ಲೆಲ್ಲ ಸುಲಭವಾದದ್ದು, ಮತ್ತು ಅವಸರ ಮಾಡಿದರೆ ದುಬಾರಿಯಾಗುವಂಥದ್ದು. ತಣ್ಣಗಿರುವಾಗ ಹೋಸನ್ನು ಉದ್ದಕ್ಕೂ ಹಿಸುಕಿ ನೋಡಿ. ಕರಕರ ಎಂದರೆ, ಕಲ್ಲಿನಂತಿದ್ದರೆ, ಅಥವಾ ಎಣ್ಣೆ ತಗಲಿ ಊದಿಕೊಂಡು ಮೆತ್ತಗಾಗಿದ್ದರೆ ಅದರ ಕಾಲ ಮುಗಿದಿದೆ. ಹೊರಗೆ ಚೆನ್ನಾಗಿ ಕಾಣುವ ಹೋಸ್ ತುದಿಗಳ ಹತ್ತಿರ ಒಳಗಿನಿಂದ ಸೀಳಿರುವುದೂ ಇದೆ, ಹಾಗಾಗಿ ತುದಿಗಳನ್ನೇ ವಿಶೇಷವಾಗಿ ಹಿಸುಕಬೇಕು. ಬಿಚ್ಚುವಾಗ ಕ್ಲಿಪ್ಪನ್ನು ಹಿಂದಕ್ಕೆ ಸರಿಸಿ, ಹೋಸನ್ನು ಎಳೆಯುವ ಬದಲು ಮೊದಲು ತಿರುಚಿ ಅಂಟು ಬಿಡಿಸಬೇಕು. ಬಿಡದಿದ್ದರೆ ಹೇಗೂ ಬಿಸಾಡುವ ಹೋಸ್ ತಾನೇ, ಉದ್ದಕ್ಕೆ ಬ್ಲೇಡಿನಿಂದ ಸೀಳಿ ಸುಲಿಯಬಹುದು. ಇಕ್ಕಳದಿಂದ ಹಿಡಿದು ಜಗ್ಗಿದರೆ ರೇಡಿಯೇಟರಿನ ಪ್ಲಾಸ್ಟಿಕ್ ಕುತ್ತಿಗೆ ಕೈಗೆ ಬರುತ್ತದೆ. ಕುತ್ತಿಗೆಯ ಮೇಲೆ ಕಟ್ಟಿದ ಹರಳನ್ನು ನಯವಾಗಿ ಉಜ್ಜಿ ತೆಗೆದು, ಹೊಸ ಹೋಸಿನ ಒಳತುದಿಗೆ ಸ್ವಲ್ಪ ಕೂಲಂಟ್ ಸವರಿ ಕೂರಿಸಬೇಕು. ಗ್ರೀಸು, ಎಂಜಿನ್ ಆಯಿಲ್ ರಬ್ಬರನ್ನು ತಿನ್ನುವುದರಿಂದ ಅವು ಸಲ್ಲ. ಕ್ಲಿಪ್ ಕೂರಬೇಕಾದದ್ದು ಕುತ್ತಿಗೆಯ ತುದಿಯಲ್ಲಿರುವ ಉಬ್ಬಿನ ಹಿಂದೆ. ಉಬ್ಬಿನ ಮೇಲೇ ಬಿಗಿದರೆ ಮೊದಲ ಬಿಸಿಗೇ ಜಾರುತ್ತದೆ. ಕಾರಿನ ಜೊತೆ ಬಂದ ಸ್ಪ್ರಿಂಗ್ ಕ್ಲಿಪ್ಪುಗಳು ತಮ್ಮ ಬಿಗಿ ಕಳೆದುಕೊಂಡಿರದಿದ್ದರೆ ಅವನ್ನೇ ಹಾಕುವುದು ನನ್ನ ಆಯ್ಕೆ, ಏಕೆಂದರೆ ರಬ್ಬರ್ ಹಿಗ್ಗಿ ಕುಗ್ಗುವುದಕ್ಕೆ ತಕ್ಕಂತೆ ಅವೂ ಹಿಗ್ಗಿ ಕುಗ್ಗುತ್ತವೆ. ಸ್ಕ್ರೂ ಕ್ಲಿಪ್ ಹಾಕಿದರೆ ರಬ್ಬರನ್ನು ಕತ್ತರಿಸುವಷ್ಟು ಬಿಗಿಯದೆ, ಒಂದೆರಡು ಸಲ ಬಿಸಿಯಾಗಿ ತಣಿದ ಮೇಲೆ ಮತ್ತೊಮ್ಮೆ ನೋಡಿ ಬಿಗಿ ಮಾಡಬೇಕು.

ಮುಚ್ಚಳದ ವಿಷಯ ಎರಡೇ ಮಾತು. ರಬ್ಬರ್ ಬಿರಿದಿದ್ದರೆ ಅಥವಾ ಒತ್ತಡ ಹಿಡಿಯದಿದ್ದರೆ, ಅಷ್ಟೇ ಒತ್ತಡದ ಅಂಕಿಯಿರುವ ಹೊಸದನ್ನು ಹಾಕಬೇಕು, ಹೆಚ್ಚಿನದ್ದನ್ನಲ್ಲ. ತಣ್ಣಗಾದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿ ಕುಸಿದಿದ್ದರೆ ದ್ರವವನ್ನು ವಾಪಸ್ಸು ಎಳೆದುಕೊಳ್ಳುವ ಒಳವಾಲ್ವ್ ಕಚ್ಚಿಕೊಂಡಿದೆ. ಅದೂ ಮುಚ್ಚಳದ ದೋಷವೇ.

ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕು ಬಿರಿದರೆ ಎಪಾಕ್ಸಿ ಮೆತ್ತಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಬಿಸಿ, ತಂಪು, ಒತ್ತಡ, ಕಂಪನ ಇವೆಲ್ಲವನ್ನೂ ತಡೆದು ಆ ಅಂಟು ಬಹುಕಾಲ ನಿಲ್ಲುವುದಿಲ್ಲ. ರೇಡಿಯೇಟರನ್ನೇ ಬದಲಿಸುವುದು ಸರಿ. ಮೇಲಿನ ಬೋಲ್ಟುಗಳು, ಎರಡು ಹೋಸ್‌ಗಳು, ಫ್ಯಾನಿನ ಪ್ಲಗ್ ಮತ್ತು ಚೌಕಟ್ಟು ಬಿಚ್ಚಿದರೆ ಹೆಚ್ಚಿನ ಕಾರುಗಳಲ್ಲಿ ಅದು ಮೇಲಕ್ಕೆ ಬರುತ್ತದೆ. ಅದರ ಮುಂದೆ ಅಂಟಿಕೊಂಡಂತಿರುವ ಎಸಿ ಕಂಡೆನ್ಸರಿನ ಪೈಪುಗಳನ್ನು ಮಾತ್ರ ಬಿಚ್ಚದೆ, ಪಕ್ಕಕ್ಕೆ ಕಟ್ಟಿ ನಿಲ್ಲಿಸಬೇಕು. ಆಟೊಮ್ಯಾಟಿಕ್ ಗೇರಿನ ಕೆಲವು ಕಾರುಗಳಲ್ಲಿ ಗೇರ್ ಆಯಿಲ್ಲಿನ ಪೈಪುಗಳೂ ರೇಡಿಯೇಟರಿನೊಳಗೆ ಹೋಗಿರುತ್ತವೆ. ಅವನ್ನು ಬಿಚ್ಚಿದರೆ ಹೊರಗೆ ಹೋದಷ್ಟು ಆಯಿಲ್ ಮತ್ತೆ ತುಂಬಲೇಬೇಕು.

ಥರ್ಮೋಸ್ಟಾಟ್ ಮನೆಯ ಅಂಚಿನಲ್ಲಿ ಸೋರಿದರೆ ಗ್ಯಾಸ್ಕೆಟ್ ಅಥವಾ ರಬ್ಬರ್ ಉಂಗುರದ ಜೊತೆಗೇ ಥರ್ಮೋಸ್ಟಾಟನ್ನೂ ಹೊಸದು ಹಾಕುವುದು ಲೇಸು. ಎರಡೂ ಮೈಗಳ ಹಳೆಯ ಗ್ಯಾಸ್ಕೆಟ್ ತುಣುಕುಗಳನ್ನು ಅಲ್ಯೂಮಿನಿಯಂ ಗೀಚದಂತೆ ಪ್ಲಾಸ್ಟಿಕ್ ಉಜ್ಜುಗೋಲಿನಿಂದ ತೆಗೆದು, ಥರ್ಮೋಸ್ಟಾಟಿನಲ್ಲಿ ಗಾಳಿ ಬಿಡುವ ಚಿಕ್ಕ ರಂಧ್ರವಿದ್ದರೆ ಅದು ಮೇಲ್ಮುಖವಾಗಿರುವಂತೆ ಕೂರಿಸಿ, ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಇವು ಸಣ್ಣ ಬೋಲ್ಟುಗಳು, ಕೈಬಲ ತೋರಿಸುವ ಜಾಗವಲ್ಲ; ಕಾರಿನ ಸರ್ವೀಸ್ ಪುಸ್ತಕದಲ್ಲಿರುವ ಬಿಗಿತದ ಅಂಕಿಯನ್ನು ಟಾರ್ಕ್ ರೆಂಚಿನಿಂದ ಪಾಲಿಸಬೇಕು. ವಾಟರ್ ಪಂಪು ಹೊರಗಿನ ಬೆಲ್ಟಿನಿಂದ ತಿರುಗುವಂಥದ್ದಾದರೆ ಅನುಭವವಿರುವವರು ಮನೆಯಲ್ಲೇ ಬದಲಿಸಬಹುದು. ಟೈಮಿಂಗ್ ಬೆಲ್ಟಿನಿಂದ ತಿರುಗುವುದಾದರೆ ಬೆಲ್ಟ್ ಒಂದು ಹಲ್ಲು ತಪ್ಪಿ ಕೂತರೂ ಎಂಜಿನ್ನಿಗೆ ಪೆಟ್ಟಾಗಬಹುದಾದ್ದರಿಂದ ಅದನ್ನು ಬಲ್ಲವರಿಗೆ ಬಿಟ್ಟು, ಪಂಪಿನ ಜೊತೆ ಬೆಲ್ಟು, ಟೆನ್ಷನರುಗಳನ್ನೂ ಹೊಸದು ಹಾಕಿಸಬೇಕು. ಹೀಟರ್ ಕೋರ್ ಬದಲಿಸಲು ಅನೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡೇ ಹೊರಬರಬೇಕು. ಹೆಡ್ ಗ್ಯಾಸ್ಕೆಟ್ ಆದರೆ ಹೆಡ್ಡಿನ ಮೈ ಸೊಟ್ಟಗಾಗಿದೆಯೇ ಎಂದು ಅಳೆದು, ಬೇಕಿದ್ದರೆ ಯಂತ್ರದಲ್ಲಿ ಸಮ ಮಾಡಿಸಬೇಕು. ಎರಡೂ ಮನೆಯಂಗಳದ ಕೆಲಸವಲ್ಲ.

ಟ್ಯಾಂಕಿಗೆ ಸುರಿದರೆ ತಾನೇ ತೂತು ಮುಚ್ಚುವ ದ್ರವ ಮತ್ತು ಪುಡಿಗಳ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ. ಅವು ಸೋರುವ ತೂತನ್ನೂ ಹೀಟರ್ ಕೋರಿನ ಸಣ್ಣ ಕೊಳವೆಯನ್ನೂ ಬೇರೆ ಬೇರೆ ಎಂದು ಗುರುತಿಸಲಾರವು. ಊರು ಸೇರಲು ಬೇರೆ ದಾರಿಯೇ ಇಲ್ಲದಾಗ ಬಳಸಬಹುದು, ಆಮೇಲೆ ಇಡೀ ವ್ಯವಸ್ಥೆಯನ್ನು ತೊಳೆಯುವ ಸಿದ್ಧತೆಯೂ ಇರಬೇಕು.

ತುಂಬಿಸುವುದು ಮತ್ತು ಗಾಳಿ ತೆಗೆಯುವುದು

ಕೂಲಂಟನ್ನು ಬಣ್ಣ ನೋಡಿ ಕೊಳ್ಳುವುದು ತಪ್ಪು. ಬಣ್ಣಕ್ಕೆ ಎಲ್ಲ ತಯಾರಕರೂ ಪಾಲಿಸುವ ನಿಯಮವಿಲ್ಲ. ಒಬ್ಬರ ಗುಲಾಬಿ ಇನ್ನೊಬ್ಬರ ಗುಲಾಬಿಯಾಗಿರಬೇಕಿಲ್ಲ. ತುಕ್ಕು ತಡೆಯುವ ರಾಸಾಯನಿಕಗಳು ಬೇರೆ ಬೇರೆ ಜಾತಿಯವಾಗಿದ್ದು, ಹೊಂದದ ಎರಡನ್ನು ಬೆರೆಸಿದರೆ ರಕ್ಷಣೆ ಕುಗ್ಗುತ್ತದೆ, ಕೆಲವೊಮ್ಮೆ ಲೋಳೆಗಟ್ಟುವುದೂ ಉಂಟು. ಮಾಲೀಕರ ಪುಸ್ತಕದಲ್ಲಿ ಹೇಳಿದ ನಿರ್ದಿಷ್ಟ ಮಾದರಿಯನ್ನೇ ಹಾಕಬೇಕು. ಗಾಢವಾದ ಕೂಲಂಟ್ ತಂದಿದ್ದರೆ ಅದಕ್ಕೆ ಸಮಪ್ರಮಾಣದ ಡಿಸ್ಟಿಲ್ಡ್ ನೀರು ಬೆರೆಸುವುದು ವಾಡಿಕೆ. ಈ ಮಿಶ್ರಣ ಎಥಿಲೀನ್ ಗ್ಲೈಕಾಲಿನದ್ದಾದರೆ ಮೈನಸ್ 37 ಡಿಗ್ರಿಯ ಆಸುಪಾಸಿನವರೆಗೆ ಹೆಪ್ಪುಗಟ್ಟುವುದಿಲ್ಲ. ಹೆಚ್ಚು ಗಾಢವಾದಷ್ಟೂ ಒಳ್ಳೆಯದೆಂಬುದು ಭ್ರಮೆ, ಏಕೆಂದರೆ ಬಿಸಿಯನ್ನು ಹೊತ್ತೊಯ್ಯುವುದರಲ್ಲಿ ಗ್ಲೈಕಾಲಿಗಿಂತ ನೀರೇ ಮೇಲು. ನಲ್ಲಿ ಅಥವಾ ಬಾವಿಯ ನೀರಿನ ಸುಣ್ಣದಂಶ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಗಡಸು ಪದರವಾಗಿ ಕೂರುತ್ತದೆ, ಕ್ಲೋರೈಡು ಅಲ್ಯೂಮಿನಿಯಮ್ಮನ್ನು ಕೊರೆಯುತ್ತದೆ. ದಾರಿಯಲ್ಲಿ ತುಂಬಿದ ಸಾದಾ ನೀರನ್ನು ಮನೆಗೆ ಬಂದ ಮೇಲೆ ತೆಗೆಯಬೇಕೆನ್ನುವುದು ಇದಕ್ಕೇ.

ಸುರಿಯುವುದು ನಿಧಾನವಾಗಿ ಆಗಬೇಕು. ಗಾಳಿ ಒಳಗೆ ಸಿಕ್ಕಿಹಾಕಿಕೊಂಡರೆ ಆ ಜಾಗದಲ್ಲಿ ಲೋಹಕ್ಕೆ ಕೂಲಂಟ್ ತಾಗದೆ, ಸೋರಿಕೆ ಸರಿಯಾಗಿದ್ದರೂ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಹೊಸ ಪಾರ್ಟೇ ಕೆಟ್ಟದ್ದೆಂಬ ತಪ್ಪು ತೀರ್ಮಾನಕ್ಕೆ ಜನ ಬರುವುದು ಇಲ್ಲಿಯೇ. ಕಾರಿನ ಮುಂಭಾಗ ತುಸು ಎತ್ತರದಲ್ಲಿರುವಂತೆ ನಿಲ್ಲಿಸಿ, ಗಾಳಿ ಬಿಡುವ ತಿರುಪು ಇದ್ದರೆ ಸಡಿಲಿಸಿ, ಅದರಿಂದ ಗುಳ್ಳೆಯಿಲ್ಲದ ಧಾರೆ ಬಂದ ಮೇಲೆ ಬಿಗಿಯಬೇಕು. ಬಿಚ್ಚಿದ್ದ ಬ್ಯಾಟರಿ ತಂತಿಯನ್ನು ಮರಳಿ ಜೋಡಿಸಿ, ಹೀಟರನ್ನು ಬಿಸಿಗೆ ತಿರುಗಿಸಿ, ಎಂಜಿನ್ ಚಾಲೂ ಮಾಡಿ ಐಡಲ್‌ನಲ್ಲಿ ಬಿಟ್ಟು, ದೊಡ್ಡ ಹೋಸ್‌ಗಳನ್ನು ಆಗಾಗ ಹಿಸುಕಿದರೆ ಗುಳ್ಳೆಗಳು ಮೇಲೆ ಬರುತ್ತವೆ. ಮಟ್ಟ ಇಳಿದಂತೆ ತುಂಬುತ್ತಾ, ದ್ರವ ಬಿಸಿಯಾಗಿ ಮೇಲೇರುವ ಮೊದಲೇ ಮುಚ್ಚಳ ಹಾಕಬೇಕು. ಥರ್ಮೋಸ್ಟಾಟ್ ತೆರೆದ ಮೇಲೆ ಮೇಲಿನ ಮತ್ತು ಕೆಳಗಿನ ಹೋಸ್‌ಗಳೆರಡೂ ಬಿಸಿಯಾಗುತ್ತವೆ, ಹೀಟರಿನಿಂದ ಬಿಸಿಗಾಳಿ ಬಿಡದೆ ಬರುತ್ತದೆ. ಗಾಳಿ ಒಮ್ಮೆ ಬಿಸಿ ಒಮ್ಮೆ ತಂಪಾಗಿ ಬಂದರೆ ಅಥವಾ ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು ಕೇಳಿಸಿದರೆ ಇನ್ನೂ ಗಾಳಿ ಉಳಿದಿದೆ. ರೇಡಿಯೇಟರ್ ಫ್ಯಾನು ತಾನಾಗಿ ಎರಡು ಸಲ ಓಡಿ ನಿಲ್ಲುವವರೆಗೆ ಕಾದು ಎಂಜಿನ್ ಆರಿಸಬೇಕು.

ರಾತ್ರಿ ಪೂರ್ತಿ ತಣಿಯಲು ಬಿಟ್ಟು ಬೆಳಿಗ್ಗೆ ನೋಡಿದರೆ ಮಟ್ಟ ಸ್ವಲ್ಪ ಇಳಿದಿರಬಹುದು. ಒಳಗೆ ಉಳಿದಿದ್ದ ಗಾಳಿ ಹೊರಬಂದದ್ದಕ್ಕೆ ಅದು ಗುರುತು. ಕನಿಷ್ಠ ಮತ್ತು ಗರಿಷ್ಠ ಗೆರೆಗಳ ನಡುವೆ ಬರುವಂತೆ ತುಂಬಿ, ಬಿಳಿ ರಟ್ಟನ್ನು ಮತ್ತೆ ಕೆಳಗೆ ಹಾಸಿ, ಟ್ಯಾಂಕಿನ ಮೇಲೆ ಹೊಸ ಗುರುತು ಹಾಕಬೇಕು. ಮುಂದಿನ ಎರಡು ವಾರ ಪ್ರತಿ ಎರಡು ಮೂರು ದಿನಕ್ಕೊಮ್ಮೆ, ತಣ್ಣಗಿರುವಾಗಲೇ, ಆ ಗುರುತನ್ನು ನೋಡುತ್ತಿರಬೇಕು. ಮೊದಲ ಒಂದೆರಡು ದಿನದ ನಂತರವೂ ಅದು ಇಳಿಯುತ್ತಲೇ ಇದ್ದರೆ ಪ್ರೆಷರ್ ಟೆಸ್ಟರನ್ನು ಮತ್ತೊಮ್ಮೆ ಕೂರಿಸಬೇಕು, ಏಕೆಂದರೆ ಹಳೆಯ ಕಾರಿನಲ್ಲಿ ಒಂದು ಬಾಯಿ ಮುಚ್ಚಿ ಒತ್ತಡ ಪೂರ್ತಿ ಮರಳಿ ಬಂದಾಗ, ಅಲ್ಲಿಯವರೆಗೆ ಹೇಗೋ ತಡೆದುಕೊಂಡಿದ್ದ ಇನ್ನೊಂದು ದುರ್ಬಲ ಜಾಗ ಸೋರಲು ಶುರುಮಾಡುವುದು ಅಪರೂಪವೇನಲ್ಲ.